ನಡೆಯುವ ದಂಡಿಗೆ ಸುದ್ದಿ ಮುಟ್ಟಿಸುವುದು

ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ: ಈ ಕೋಟೆಗಳು ಬೆಟ್ಟದ ನೆತ್ತಿಗೇರಿವೆ. ಸುಮಾರು 1,200 ಮೀಟರ್ ಎತ್ತರದ ಮಧುಗಿರಿ ತುದಿಯಿಂದ ಶತ್ರುವಿನ ಚಲನೆ ಬಹುದೂರಕ್ಕೆ ಕಾಣುತ್ತದೆ. ಬಯಲಲ್ಲಿ ಸಾಗುವ ದಂಡಿಗೆ ಆ ಅನುಕೂಲವಿರಲಿಲ್ಲ. ಅದು ಹರಿಕಾರರನ್ನೂ (ಸುದ್ದಿ ಒಯ್ಯುವವರನ್ನೂ) ಸವಾರರನ್ನೂ ನಂಬಬೇಕಿತ್ತು.

1791: ತಲುಪದ ಓಲೆ
ಮೂರನೇ ಮೈಸೂರು ಯುದ್ಧದಲ್ಲಿ ಹರಿಪಂತ್ ಫಡಕೆಯ ಮರಾಠಾ ಸೇನೆ ಶಿರಾ ಕೋಟೆಯನ್ನು ವಶಪಡಿಸಿಕೊಂಡು ಶ್ರೀರಂಗಪಟ್ಟಣದತ್ತ ಹೊರಟಿತು. ಈ ಸುದ್ದಿ ಹೊತ್ತ ಹರಿಕಾರರನ್ನು ಮೈಸೂರಿನ ಟಿಪ್ಪು ಸುಲ್ತಾನನ ಲಘು ಅಶ್ವದಳ ನಡುದಾರಿಯಲ್ಲೇ ತಡೆಯಿತು. ಮಿತ್ರರಾದ ಮರಾಠರು ಸಮೀಪಿಸಿದ್ದು ತಿಳಿಯದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ತನ್ನ ಭಾರಿ ತೋಪುಗಳನ್ನು ತಾನೇ ನಾಶಮಾಡಿ ಹಿಮ್ಮೆಟ್ಟಿದ. ಕೆಲವೇ ದಿನಗಳಲ್ಲಿ ಮರಾಠರು ಎದುರಾದರು.

ರೇಡಿಯೊ ಬಂದ ಮೇಲೆ
ವಿ.ಎಚ್.ಎಫ್. (ಅತ್ಯುಚ್ಚ ಆವರ್ತನದ) ರೇಡಿಯೊ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ನಡುವೆ ಗುಡ್ಡ ಬಂದರೆ ಸಂಕೇತ ಕುಗ್ಗುತ್ತದೆ. ಹಾಗಾಗಿ ಎತ್ತರದಲ್ಲಿ ಮರುಪ್ರಸಾರ ಕೇಂದ್ರ ಬೇಕು. ಸೇನೆಯೊಂದಿಗೆ ಚಲಿಸಲು ಅದು ಲಾರಿಯ ಮೇಲಿರಬೇಕು, ಆಂಟೆನಾ ಕಂಬ ಬೇಗ ಏರಿಳಿಯಬೇಕು, ಯಂತ್ರ ಬಿಸಿಲು, ಧೂಳು, ಕುಲುಕಾಟ ತಾಳಬೇಕು. ಒಂದು ಕೇಂದ್ರ ಜಾಗ ಬದಲಿಸುವಾಗ ಸಂದೇಶ ಇನ್ನೊಂದರ ಮೂಲಕ ದಾರಿ ಹುಡುಕಿಕೊಳ್ಳಬೇಕು. ಪ್ರಸಾರದ ಬಲ ಹೆಚ್ಚಿಸಿದರೆ ಸಂದೇಶ ದೂರ ಹೋಗುತ್ತದೆ, ಆದರೆ ಶತ್ರುವಿಗೆ ನಮ್ಮ ನೆಲೆಯೂ ಪತ್ತೆಯಾಗುತ್ತದೆ. ಅದಕ್ಕೇ ಗೂಢಲಿಪಿಯೊಂದೇ ಸಾಲದು. ಕ್ಷಣಕ್ಷಣಕ್ಕೂ ಆವರ್ತನ ಬದಲಿಸುವ ರೇಡಿಯೊಗಳೂ ಬಂದಿವೆ.

1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿ.ಇ.ಎಲ್.) ಭಾರತೀಯ ಸೇನೆಗೆ ಇಂಥ ಸಂಪರ್ಕ ಉಪಕರಣಗಳನ್ನು ತಯಾರಿಸುತ್ತಿದೆ.