ನೀಲಗಿರಿಯ ಟ್ರೌಟ್ ಹೊಳೆಗಳು: ನೊಣಗಾಳ ಎಸೆಯುವ ಬಗೆ

ಟ್ರೌಟ್ ನೀಲಗಿರಿಯ ಮೂಲದ ಮೀನಲ್ಲ. 1863ರಲ್ಲಿ ಫ್ರಾನ್ಸಿಸ್ ಡೇ ಅದನ್ನು ಇಲ್ಲಿಗೆ ತರಲು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಮುಂದೆ ಎಚ್.ಸಿ. ವಿಲ್ಸನ್ ಅವರ ಕಾಲದಲ್ಲಿ, 1907ರಲ್ಲಿ ಅವಲಾಂಚಿಯಲ್ಲಿ ಮರಿಕೇಂದ್ರ ನೆಲೆಗೊಂಡ ಬಳಿಕವೇ ರೇನ್‌ಬೋ ಟ್ರೌಟ್ ಕುಂದೆ ಸೀಮೆಯ ತಣ್ಣನೆಯ ಹಳ್ಳಗಳಲ್ಲಿ ಬೇರೂರಿತು. ಆ ಮೀನನ್ನು ಕೃತಕ ನೊಣದಿಂದ ಹಿಡಿಯುವ ವಿದ್ಯೆಯೂ ಅದರೊಡನೆಯೇ ಬಂದಿತು. ಇದನ್ನು ಅಭ್ಯಾಸ ಮಾಡಬಯಸುವ ನಮ್ಮ ಓದುಗರಿಗಾಗಿ ಮುಖ್ಯವಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರವೇ ದಾರವನ್ನು ಎಳೆದೊಯ್ಯುತ್ತದೆ. ನೊಣಗಾಳದಲ್ಲಿ ಇದು ತಿರುವುಮುರುವು. ಗರಿ, ರೇಷ್ಮೆ ಎಳೆಗಳಿಂದ ಕಟ್ಟಿದ ನೊಣಕ್ಕೆ ಭಾರವೇ ಇಲ್ಲವೆನ್ನಬಹುದು. ಎಸೆಯುವುದು ದಪ್ಪನೆಯ ದಾರವನ್ನು. ಐದನೆಯ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಆ ತೂಕವೇ ಕೋಲನ್ನು ಬಾಗಿಸುತ್ತದೆ, ಬಾಗಿದ ಕೋಲು ನೆಟ್ಟಗಾಗುವಾಗ ದಾರ ಹಾರುತ್ತದೆ. ಆದ್ದರಿಂದ ತೋಳಿನ ಬಲಕ್ಕಿಂತ ನಿಲುಗಡೆ ಮುಖ್ಯ. ಕೋಲನ್ನು ನಿಧಾನವಾಗಿ ಆರಂಭಿಸಿ, ವೇಗವನ್ನು ಕ್ರಮವಾಗಿ ಏರಿಸಿ, ಥಟ್ಟನೆ ನಿಲ್ಲಿಸಬೇಕು. ಹಿಂದಕ್ಕೆ ಎಸೆದಾಗ ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ಕಾಯಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಅವಸರಪಟ್ಟರೆ ಚಾವಟಿಯ ಸದ್ದು ಕೇಳುತ್ತದೆ, ನೊಣ ಕಿತ್ತುಹೋಗುತ್ತದೆ. ತಲೆ ತಿರುಗಿಸಿ ದಾರವನ್ನು ನೋಡುವುದರಲ್ಲಿ ನಾಚಿಕೆಯೇನಿಲ್ಲ. ಗಡಿಯಾರದ ಹತ್ತು ಗಂಟೆ, ಒಂದು ಗಂಟೆ ಎಂದು ಕಲಿಸುವ ಲೆಕ್ಕ ಆರಂಭಕ್ಕೆ ಸರಿ. ದಾರ ಉದ್ದವಾದಂತೆ ಕೋಲಿನ ಬೀಸೂ ಹಿಗ್ಗಬೇಕಾಗುತ್ತದೆ. ಲೀಡರಿನಲ್ಲಿ ತಾನಾಗಿ ಬೀಳುವ ಗಂಟುಗಳಿಗೆ ಗಾಳಿಯನ್ನು ದೂರುವುದು ವಾಡಿಕೆ, ಆದರೆ ಬಲವನ್ನು ನಡುವೆ ಒಮ್ಮೆಲೇ ಹೇರುವುದೇ ಬಹುತೇಕ ಕಾರಣ.

ಬಯಲಿನ ಈ ಪಾಠ ಶೋಲೆಯ ಅಂಚಿನ ಹಳ್ಳದಲ್ಲಿ ಸಾಲದು. ಬೆನ್ನ ಹಿಂದೆ ಪೊದೆಯಿರುವಾಗ ಹಿಂದಕ್ಕೆ ಎಸೆಯಲು ತೆರವೆಲ್ಲಿದೆ? ಅಲ್ಲಿ ರೋಲ್ ಕಾಸ್ಟ್ ಎಂಬ ಕ್ರಮವೇ ಗತಿ. ದಾರವನ್ನು ನೀರಿನ ಮೇಲೆಯೇ ಬಿಟ್ಟು, ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿ ಭುಜದ ಹಿಂದಕ್ಕೆ ತಂದು, ದಾರ ಬಿಲ್ಲಿನಂತೆ ಜೋತ ಕ್ಷಣ ನಿಂತು, ಮುಂದಕ್ಕೆ ಬೀಸಿ ನಿಲ್ಲಿಸಬೇಕು. ನೀರಿನ ಹಿಡಿತವಿಲ್ಲದೆ ಕೋಲು ಬಾಗದು. ಹಾಗಾಗಿ ಇದನ್ನು ಹುಲ್ಲಿನ ಮೇಲೆ ಅಭ್ಯಾಸ ಮಾಡಿ ಫಲವಿಲ್ಲ, ಕೆರೆಯ ದಡವೇ ಬೇಕು. ಇಂತಹ ಕಡೆ ಏಳೂವರೆ ಅಡಿಯ ಕೋಲು ಒಂಬತ್ತು ಅಡಿಯದ್ದಕ್ಕಿಂತ ಅನುಕೂಲವೆಂಬುದು ನಮ್ಮ ಅಭಿಪ್ರಾಯ.

ಟ್ರೌಟ್ ಹರಿವಿಗೆ ಮುಖಮಾಡಿ ನಿಲ್ಲುತ್ತದೆ. ಕೆಳಗಿನಿಂದ, ಅದರ ಬಾಲದ ಕಡೆಯಿಂದ ಸಮೀಪಿಸುವುದು ಲೇಸು. ಒಂದು ಅಡಿ ಆಳದಲ್ಲಿರುವ ಮೀನಿಗೆ ಹೊರಲೋಕ ಕಾಣುವುದು ನೀರಿನ ಮೇಲಿನ ಎರಡು ಅಡಿಗೆ ತುಸು ಮೀರಿದ ಅಗಲದ ವೃತ್ತದಿಂದ ಮಾತ್ರ. ದಡದಲ್ಲಿ ಕುಳಿತವನ ಆಕೃತಿ ಆ ವೃತ್ತದ ಅಂಚಿನಲ್ಲಿ ಕುಗ್ಗಿ ಹೋಗುತ್ತದೆ, ನೆಟ್ಟಗೆ ನಿಂತವನು ಎದ್ದು ಕಾಣುತ್ತಾನೆ. ನೊಣ ಬಿದ್ದ ಮೇಲೆ ನೀರಿನ ವೇಗದಲ್ಲಿಯೇ ತೇಲಬೇಕು. ನಡುವಿನ ಸೆಳೆತ ದಾರವನ್ನು ಎಳೆದರೆ ನೊಣ ಗೆರೆ ಕೊರೆಯುತ್ತ ಸಾಗುತ್ತದೆ, ಮೀನು ಮುಟ್ಟುವುದಿಲ್ಲ. ಕೂಡಲೇ ದಾರದ ಹೊಟ್ಟೆಯನ್ನು ಮೇಲ್ಹರಿವಿನ ಕಡೆಗೆ ಎತ್ತಿ ಹಾಕಬೇಕು. ಯಾವ ನೊಣವೆಂಬ ಚರ್ಚೆಗೆ ಕೊನೆಯಿಲ್ಲ. ತೇಲುವ ಬಗೆ ಸರಿಯಿದ್ದರೆ ಎರಡು ಮೂರು ನಮೂನೆ ಸಾಕು.

ಮುಕುರ್ತಿ ರಾಷ್ಟ್ರೀಯ ಉದ್ಯಾನದೊಳಕ್ಕೆ ಗಾಳ ಒಯ್ಯುವಂತಿಲ್ಲ. ಉಳಿದ ಅರಣ್ಯದ ನೀರುಗಳಿಗೂ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹಿಡಿದ ಟ್ರೌಟನ್ನು ಬೇರೊಂದು ಹಳ್ಳಕ್ಕೆ ಒಯ್ದು ಬಿಡುವುದು ಸರ್ವಥಾ ಸಲ್ಲದು, ಅಲ್ಲಿನ ನಾಡಮೀನಿನ ಮರಿಗಳು ಅದಕ್ಕೆ ಆಹಾರವಾಗುತ್ತವೆ. ಹಿಡಿದಲ್ಲಿಯೇ ಮರಳಿ ಬಿಡುವುದಾದರೆ ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿರಬೇಕು. ಒಣಗೈ ಮೀನಿನ ಮೈಲೋಳೆಯನ್ನು ಕಿತ್ತುಬಿಡುವುದರಿಂದ ಕೈ ಒದ್ದೆಮಾಡಿಕೊಂಡೇ ಮುಟ್ಟಬೇಕು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗಿ, ಸೆಣಸಿ ದಣಿದ ಟ್ರೌಟ್ ಬಿಟ್ಟರೂ ಬದುಕುವುದು ಕಷ್ಟ. ಬೇಸಿಗೆಯಲ್ಲಿ ಚೀಲದಲ್ಲೊಂದು ಉಷ್ಣಮಾಪಕವಿರಲಿ, ಬೆಳಗಿನ ಹೊತ್ತಿನಲ್ಲಿಯೇ ಗಾಳ ಮುಗಿಯಲಿ.