ಪ್ರೌಢಶಾಲೆಯ ಕಲಾ ಮನ್ನಣೆ: ಪ್ರಮಾಣಪತ್ರದ ನಂತರ ಮುಂದೇನು?

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಮಕ್ಕಳು ಚಿತ್ರಕಲೆಯಲ್ಲಿ ಗಳಿಸಿದ ಪದಕ, ಪ್ರಮಾಣಪತ್ರಗಳು ಶೋಕೇಸನ್ನು ಅಲಂಕರಿಸಿರುವುದನ್ನು ಕಾಣುತ್ತೇವೆ. ಅವನ್ನು ಅತಿಥಿಗಳಿಗೆ ತೋರಿಸುವಾಗ ಹೆತ್ತವರಿಗೆ ಆಗುವ ಹೆಮ್ಮೆ ಸಹಜವಾದುದು. ಆದರೆ ಅದೇ ಮಗು ಹತ್ತನೆಯ ತರಗತಿಗೆ ಬಂದೊಡನೆ ಬಣ್ಣದ ಪೆಟ್ಟಿಗೆ ಅಟ್ಟ ಸೇರುವುದೂ ಅಷ್ಟೇ ಸಾಮಾನ್ಯ. ಆದುದರಿಂದ ಈ ಮನ್ನಣೆಗಳ ಸ್ವರೂಪವನ್ನೂ ನಿಜವಾದ ಉಪಯೋಗವನ್ನೂ ಇಲ್ಲಿ ಸ್ಥೂಲವಾಗಿ ಪರಿಚಯಿಸಲು ಬಯಸುತ್ತೇವೆ.

ನಮ್ಮ ದೇಶದಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ಗೌರವದ ಸ್ಥಾನ ತಂದುಕೊಟ್ಟವರಲ್ಲಿ ವ್ಯಂಗ್ಯಚಿತ್ರಕಾರ ಕೆ. ಶಂಕರ ಪಿಳ್ಳೆಯವರು ಪ್ರಮುಖರು. ಅವರು 1949ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಸ್ಪರ್ಧೆಯು ಮುಂದೆ ಅಂತಾರಾಷ್ಟ್ರೀಯ ಸ್ವರೂಪವನ್ನು ಪಡೆಯಿತು. 1957ರಲ್ಲಿ ಅವರೇ ಸ್ಥಾಪಿಸಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಅದನ್ನು ಮುಂದುವರಿಸಿತು. ಕೇಂದ್ರ ಸರ್ಕಾರವು 2015ರಲ್ಲಿ ಪ್ರಾರಂಭಿಸಿದ 'ಕಲಾ ಉತ್ಸವ'ವು 9ರಿಂದ 12ನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗೆ ಮೀಸಲಾದುದು. ಸಂಗೀತ, ನೃತ್ಯ, ನಾಟಕಗಳ ಜೊತೆಗೆ ದೃಶ್ಯಕಲೆಗೂ ಅಲ್ಲಿ ಸ್ಥಾನವಿದ್ದು, ರಾಜ್ಯಮಟ್ಟದಲ್ಲಿ ಆಯ್ಕೆಯಾದವರು ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ.

ಸ್ಪರ್ಧೆಗಿಂತ ಭಿನ್ನವಾದ ಇನ್ನೊಂದು ಮನ್ನಣೆ ಮಹಾರಾಷ್ಟ್ರದ ಕಲಾ ಸಂಚಾಲನಾಲಯವು ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ. ಕರ್ನಾಟಕದಲ್ಲಿರುವ ಲೋವರ್ ಮತ್ತು ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿಗೆ ಇವನ್ನು ಹೋಲಿಸಬಹುದು. ವಸ್ತುಚಿತ್ರ, ಸ್ಮರಣಚಿತ್ರ, ವಿನ್ಯಾಸ, ರೇಖಾಗಣಿತ ಮತ್ತು ಅಕ್ಷರ ಬರವಣಿಗೆ ಇವುಗಳ ಪ್ರಧಾನ ವಿಷಯಗಳು. ಸ್ಪರ್ಧೆಯಲ್ಲಿ ಒಬ್ಬನು ಗೆದ್ದರೆ ಉಳಿದವರು ಸೋಲುತ್ತಾರೆ, ಇಲ್ಲಿ ಹಾಗಲ್ಲ. ನಿಗದಿತ ಮಟ್ಟವನ್ನು ತಲುಪಿದ ಪ್ರತಿಯೊಬ್ಬರಿಗೂ ಎ, ಬಿ ಅಥವಾ ಸಿ ದರ್ಜೆ ದೊರೆಯುತ್ತದೆ.

ಇಂಟರ್‌ಮೀಡಿಯೆಟ್‌ನ ದರ್ಜೆಗೆ ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಹೆಚ್ಚುವರಿ ಅಂಕ ನೀಡುವ ವ್ಯವಸ್ಥೆ ಬಂದ ಮೇಲೆ ಪರೀಕ್ಷೆಗೆ ಕೂರುವ ಉತ್ಸಾಹಕ್ಕೆ ಇನ್ನೊಂದು ಕಾರಣ ಸೇರಿತು. ಇದರಲ್ಲಿ ತಪ್ಪೇನೂ ಇಲ್ಲ. ಅಂಕ ಸಿಕ್ಕಿತು, ಇನ್ನು ಚಿತ್ರ ಸಾಕು ಎಂಬ ತೀರ್ಮಾನಕ್ಕೆ ಬರುವುದೇ ನಷ್ಟಕ್ಕೆ ಕಾರಣ. ಏಕೆಂದರೆ ಹನ್ನೆರಡನೆಯ ತರಗತಿಯ ಬಳಿಕ ಮಹಾರಾಷ್ಟ್ರದ ಬಿ.ಎಫ್.ಎ. ಪ್ರವೇಶ ಪರೀಕ್ಷೆಯಲ್ಲಿ ಎದುರಾಗುವುದು ಮತ್ತೆ ಅದೇ ವಸ್ತುಚಿತ್ರ, ಸ್ಮರಣಚಿತ್ರ, ವಿನ್ಯಾಸ. ಒಂಬತ್ತನೆಯ ತರಗತಿಯಲ್ಲಿ ಎ ದರ್ಜೆ ಪಡೆದ ಕೈ ಮೂರು ವರ್ಷ ಸುಮ್ಮನಿದ್ದರೆ, ಅಗತ್ಯ ಬಿದ್ದಾಗ ಅದು ತಡವರಿಸುತ್ತದೆ.

ಇಲ್ಲಿ ನಮ್ಮವರೇ ಆದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರನ್ನು ಸ್ಮರಿಸುವುದು ಉಚಿತ. 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಅವರು ಮುಂಬಯಿಗೆ ಬಂದು, 1857ರಲ್ಲಿ ಸ್ಥಾಪನೆಯಾದ ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. ನೃತ್ಯದ ಲಯವನ್ನು ಕೆಲವೇ ಗೆರೆಗಳಲ್ಲಿ ಹಿಡಿದ ಅವರ ರೇಖಾಚಿತ್ರಗಳು ನಿತ್ಯದ ಅಭ್ಯಾಸವಿಲ್ಲದೆ ಸಾಧ್ಯವಾಗುವಂಥವಲ್ಲ.

ಮಕ್ಕಳೆಲ್ಲರೂ ಹೆಬ್ಬಾರರಾಗಬೇಕೆಂದು ನಾವು ಹೇಳುತ್ತಿಲ್ಲ. ಬ್ಯಾಂಕಿನ ಲೆಕ್ಕದ ಪುಸ್ತಕಗಳ ನಡುವೆಯೇ ಬಾಳು ಸವೆಸಿದ ನಾವೂ ಒಮ್ಮೆ ಮನೆಯಲ್ಲಿ, "ಈ ವರ್ಷ ಚಿತ್ರ ಬೇಡ, ಓದು" ಎಂದವರೇ. ಪರೀಕ್ಷೆ ಮುಗಿದ ಮೇಲೆ ಪೆಟ್ಟಿಗೆಯನ್ನು ಕೆಳಗಿಳಿಸಿ ಕೊಟ್ಟೆವು. ತೆರೆಯುವ ಆಸೆ ಮಗುವಿಗೆ ಉಳಿದಿರಲಿಲ್ಲ. ಮಕ್ಕಳ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸುವ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಹತ್ತನೆಯ ತರಗತಿಯ ವರ್ಷದಲ್ಲಿಯೂ ವಾರಕ್ಕೊಂದು ಗಂಟೆ ಆ ಪೆಟ್ಟಿಗೆ ತೆರೆದಿರಲಿ.