ಹಲಗೆ ನೆಲದ ಮೇಲೆ ಶಹಾಬಾದ್ ಕಲ್ಲು

ಗಿರಗಾಂವ್, ಕಾಳಬಾದೇವಿ, ಲಾಲ್‌ಬಾಗ್ ಕಡೆಯ ಹಳೆಯ ಚಾಳುಗಳಲ್ಲಿ ನೀವೋ ನಿಮ್ಮ ಚಿಕ್ಕಪ್ಪ ದೊಡ್ಡಪ್ಪಂದಿರೋ ಇದ್ದಿದ್ದರೆ ಒಂದು ಸಂಗತಿ ನೆನಪಿರಬಹುದು. ಗೋಡೆ ಬದಿಯಲ್ಲಿ ಗೋಲಿ ಇಟ್ಟರೆ ತಾನಾಗಿ ಉರುಳಿ ಕೋಣೆಯ ನಡುವೆ ಹೋಗಿ ನಿಲ್ಲುತ್ತಿತ್ತು!

ಕಾರಣ ಕಲ್ಲಿನ ಕೆಳಗಿದೆ. 19ನೇ ಶತಮಾನದ ಕೊನೆಗೆ ಗಿರಣಿ ಕಾರ್ಮಿಕರಿಗೆ, ಗುಮಾಸ್ತರಿಗೆ ಎಂದು ಎದ್ದ ಎಷ್ಟೋ ಚಾಳುಗಳ ಮಹಡಿಗಳು ಮರದವು. ಗೋಡೆಯಿಂದ ಗೋಡೆಗೆ ತೇಗದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ. ಹತ್ತಾರು ವರ್ಷ ಭಾರ ಹೊತ್ತ ಮರ ನಡುವಿನಲ್ಲಿ ಬಾಗುತ್ತದೆ. ಭಾರ ಇಳಿಸಿದರೂ ಪೂರ್ತಿ ನೆಟ್ಟಗಾಗುವುದಿಲ್ಲ. ಇಂಥ ಹಲಗೆಯ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆ ಹಾಸಿ ಶಹಾಬಾದ್ ಕಲ್ಲು ಕೂರಿಸುತ್ತಿದ್ದರು.

ಆ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯದು, ಗೊತ್ತಲ್ಲ? ಆಗ ಅದು ನಿಜಾಮರ ಸೀಮೆ. ಹಾಳೆ ಹಾಳೆಯಾಗಿ ಏಳುವ ಸುಣ್ಣಕಲ್ಲು, ಹೆಚ್ಚು ಕೆತ್ತುವ ಕೆಲಸವಿಲ್ಲ. 1871ರಲ್ಲಿ ಮುಂಬಯಿಯ ರೈಲು ರಾಯಚೂರು ಮುಟ್ಟಿತು. ಶಹಾಬಾದ್ ಆ ದಾರಿಯಲ್ಲೇ ಇದೆ. 1922ರಲ್ಲಿ ಮುಂಬಯಿಯಲ್ಲಿ ಭಾರತ್ ಟೈಲ್ಸ್ ಶುರುವಾಯಿತು. ಬಣ್ಣದ ಸಿಮೆಂಟ್ ಟೈಲ್ಸ್ ಮೋಹವೂ ಬೆಳೆಯಿತು.

ತೊಂದರೆ ಆದದ್ದು ಮುಂದಿನವರು ತಗ್ಗು ತುಂಬಿಸಲು ಹೊರಟಾಗ. ಹಳೆಯದನ್ನು ಕೀಳದೆ ಅದರ ಮೇಲೆ ಸಿಮೆಂಟ್ ಗಾರೆ, ಗಾರೆಯ ಮೇಲೆ ಹೊಸ ಟೈಲ್ಸ್! ನೀವೇ ಲೆಕ್ಕ ಹಾಕಿ. ಹತ್ತಡಿಗೆ ಹನ್ನೆರಡಡಿ ಕೋಣೆಗೆ ಒಂದೇ ಅಂಗುಲ ಗಾರೆ ಎಂದರೂ ಹತ್ತಿರ ಹತ್ತಿರ 600 ಕಿಲೋ. ಟೈಲ್ಸ್ ಭಾರ ಬೇರೆ. ತಗ್ಗು ಇರುವಲ್ಲೇ ಗಾರೆ ದಪ್ಪ, ಅಂದರೆ ತೊಲೆ ಸೋತಿರುವ ಜಾಗದಲ್ಲೇ ಹೆಚ್ಚು ಹೊರೆ. ತೊಲೆ ಇನ್ನಷ್ಟು ಬಾಗುತ್ತದೆ, ಮತ್ತೆ ಗಾರೆ ಬೀಳುತ್ತದೆ.

ಇದರ ಜೊತೆಗೆ ಮೋರಿ. (ಊರಲ್ಲಿ ಮೋರಿ ಎಂದರೆ ಚರಂಡಿ, ಮುಂಬಯಿಯಲ್ಲಿ ಮನೆಯೊಳಗಿನ ಬಚ್ಚಲು ಮೂಲೆ!) ಅಲ್ಲಿ ಇಂಗಿದ ನೀರು ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಸದ್ದಿಲ್ಲದೆ ಕೊಳೆಸುತ್ತದೆ. ಮೇಲೆ ಹೊಳೆಯುವ ಟೈಲ್ಸ್ ಇದ್ದರೆ ಯಾರಿಗೂ ಕಾಣುವುದಿಲ್ಲ. ಹಳೆಯ ಕಟ್ಟಡಗಳ ರಿಪೇರಿಗೆಂದೇ 1969ರಲ್ಲಿ ಕಾನೂನು ಬಂದು ಮಂಡಳಿ ಸ್ಥಾಪನೆಯಾಯಿತು. ಆಗ ಸೆಸ್ ಕಟ್ಟುವ ಕಟ್ಟಡಗಳೇ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚಿದ್ದವು.

ಈಗಲೂ ಅಂಥ ಮನೆಯಲ್ಲಿದ್ದೀರಾ? ಹೊಸ ನೆಲ ಹಾಕಿಸುವ ಮುನ್ನ ಹಲಗೆಯವರೆಗೆ ಕಿತ್ತು ನೋಡಿ. ಮೋರಿ ಬದಿಯ ತೊಲೆ ತುದಿಗಳನ್ನು ಎಂಜಿನಿಯರ್‌ಗೆ ತೋರಿಸಿ. ಮರ ಗಟ್ಟಿಯಿದ್ದರೆ ಜಂತೆಗಳ ಬದಿಗೆ ಹೊಸ ಪಟ್ಟಿ ಬಿಗಿದು ಮಟ್ಟ ಮಾಡಿ, ಪ್ಲೈವುಡ್, ಅದರ ಮೇಲೆ ವಿನೈಲ್ ಹಾಸಿದರೆ ಸಾಕು. ಮೇಸ್ತ್ರಿ ಗಾರೆಯೇ ವಾಸಿ ಎಂದರೆ, ಕೆಳಗಿನ ಮನೆಯವರ ಚಾವಣಿಯನ್ನು ಒಮ್ಮೆ ನೋಡಿಬರಲು ಹೇಳಿ.